ಆಮೆ ಕಂಡ ಡಂಬಳದ ಗುಡಿ

ಗದಗದಿಂದ ಮುಂಡರಗಿಯ ಕಡೆ ಹೊರಟರೆ ಎರೆಹೊಲಗಳ ಬಯಲು, ಅದರಾಚೆ ಕಪ್ಪತಗುಡ್ಡದ ಮೇಲೆ ತಿರುಗುವ ಗಾಳಿ ಫ್ಯಾನುಗಳು. ಎಂಟನೆಯ ತರಗತಿಯ ಮಕ್ಕಳ ಜೊತೆ ನಾನು ಹೊರಟಿದ್ದು ಡಂಬಳದ ದೊಡ್ಡಬಸಪ್ಪ ದೇವಸ್ಥಾನಕ್ಕೆ. ಬಗಲಲ್ಲಿ ಲ್ಯಾಪ್‌ಟಾಪ್, ಅದರೊಳಗೆ ಗೆರೆ ಎಳೆಯುತ್ತ ನಡೆಯುವ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಆಮೆ.

ಹನ್ನೆರಡನೆಯ ಶತಮಾನದ ಈ ಗುಡಿಯ ಗೋಡೆಗೆ ನೇರ ನಿಲ್ಲುವುದೇ ಗೊತ್ತಿಲ್ಲ. ಒಂದು ಮೂಲೆ ಮುಗಿಯುವಷ್ಟರಲ್ಲಿ ಇನ್ನೊಂದು. ಬಿಸಿಲು, ನೆರಳು, ಮತ್ತೆ ಬಿಸಿಲು. ಮಕ್ಕಳು ಬೆರಳು ಮಡಚುತ್ತ ಸುತ್ತಿದರು, ಒಬ್ಬೊಬ್ಬರದು ಒಂದೊಂದು ಲೆಕ್ಕ. ಗರ್ಭಗುಡಿಯ ಮುಂಭಾಗ ಮಂಟಪಕ್ಕೆ ಅಂಟಿಕೊಂಡಿದೆ, ಅಲ್ಲಿನ ಮೂಲೆಗಳು ಕಣ್ಣಿಗೆ ಸಿಗುವುದಿಲ್ಲ. ನಕ್ಷೆಯಲ್ಲಿರುವುದು 24. ನಡುವಿನ ಬಿಂದು ಕದಲದಂತೆ, ಪ್ರತಿ ಸಲ 15 ಡಿಗ್ರಿ ಹೊರಳಿಸಿ, ಒಂದೇ ಚೌಕವನ್ನು ಆರು ಬಾರಿ ಬರೆದರೆ ನಕ್ಷತ್ರದಂತೆ ಅಷ್ಟೂ ಮೂಡುತ್ತವೆ.

ಆಮೆಗೂ ಬರಬೇಕಲ್ಲ! ನಾಲ್ಕು ಬದಿಗಳಿಗೊಂದು ಲೂಪ್, ಅದರ ಹೊರಗೆ ಆರು ಚೌಕಗಳಿಗೊಂದು ಲೂಪ್. ಮೂಡಿದ್ದು ಅರ್ಧ ಬಿಚ್ಚಿದ ಬೀಸಣಿಗೆ. ಮೂಲೆಯಿಂದ ಹೊರಟ ಆಮೆ ಆ ಮೂಲೆಯನ್ನೇ ಹಿಡಿದು ತಿರುಗಿತ್ತು. ಒಬ್ಬ ಹುಡುಗ ಎದ್ದು ಅಂಗಳದಲ್ಲಿ ತಾನೇ ಆಮೆಯಾಗಿ ನಡೆದ. 1967ರಲ್ಲಿ ಹುಟ್ಟಿದ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸೀಮೋರ್ ಪ್ಯಾಪರ್ಟ್ ಹೇಳುತ್ತಿದ್ದುದೂ ಇದನ್ನೇ, ನೀನೇ ಆಮೆಯಾಗಿ ನೋಡು ಅಂತ. ಪೆನ್ ಎತ್ತಿ ನಡುವಿನಿಂದ ಮೂಲೆಗೆ ಹೋಗು, ಚೌಕ ಮುಗಿಸಿ ನಡುವಿಗೇ ಬಾ. ಹುಡುಗನ ಕಾಲಿಗೆ ಮೊದಲು ಹೊಳೆಯಿತು, ಆಮೇಲೆ ಬಾಯಿಗೆ ಬಂತು.

ಕತ್ತೆತ್ತಿದರೆ ಅದೇ ನಕ್ಷತ್ರ ಕಿರಿದಾಗುತ್ತ ಕಿರಿದಾಗುತ್ತ ಏಳು ಅಂತಸ್ತು ಏರಿದೆ. ಲಿಸ್ಟ್ ಎಂದರೇನೆಂದು ಬೇರೆ ಪಾಠ ಬೇಕಾಗಲಿಲ್ಲ. ಕಂಸದೊಳಗೆ ನಮ್ಮದೇ ಅಂದಾಜಿನ ಏಳು ಅಳತೆ: 140, 128, 114, 100, 84, 66, 46. ಎಲ್ಲಕ್ಕೂ ಹೊರಗಿನ ಲೂಪ್ ಒಂದೊಂದೇ ಅಳತೆ ಎತ್ತಿ ಒಳಗೆ ದಾಟಿಸುತ್ತದೆ. ಹತ್ತಾರು ಸಾಲಿನ ಪ್ರೋಗ್ರಾಂ, 168 ಗೆರೆ, ಹಕ್ಕಿ ಮೇಲಿನಿಂದ ಕಂಡಂಥ ಶಿಖರ! ಮಕ್ಕಳಿಗಿಂತ ಜೋರಾಗಿ ಕೂಗಿದವನು ನಾನೇ ಇರಬೇಕು. ನಮ್ಮ ಶಿಲ್ಪಿಗಳಿಗೆ ಆಗಲೇ ಕಂಪ್ಯೂಟರ್ ಗೊತ್ತಿತ್ತು ಎನ್ನುವ ಮಾತು ನನಗೆ ಸೇರದು. ಅದಿಲ್ಲದೆಯೇ ಇಷ್ಟು ಮಾಡಿದರಲ್ಲ, ಬೆರಗು ಅಲ್ಲಿದೆ.

“ಸರ್, ಆರ ಇದ್ದಲ್ಲಿ ಅರವತ್ತ ಹಾಕಿದ್ರ?” ಎಂದಳು ಹಿಂದೆ ಕೂತ ಹುಡುಗಿ.

“ಹಾಕಿ ನೋಡವ್ವ.”

ಹೊರಳಿಸುವ ಕೋನ 15 ಡಿಗ್ರಿ ಇದ್ದದ್ದು 1.5 ಆಯಿತು. ಮೊದಲ ಅಂತಸ್ತಿಗೇ ಮೂಲೆಗಳೆಲ್ಲ ಕರಗಿ ದುಂಡಗಾದವು.

“ಕಟ್ಟಿದವ್ರು 24ಕ್ಕ ಯಾಕ ನಿಂತ್ರು ಅಂತ ಈಗ ತಿಳೀತ್ರಿ.”

ಪಕ್ಕದವನು ಒಪ್ಪಲಿಲ್ಲ. “ಕಲ್ಲ ಕಡದ ಕಡದ ಬ್ಯಾಸರ ಬಂದಿರಬೇಕ್ರಿ ಸರ್.”

ಬಸ್ಸು ಹತ್ತಿದ ಮೇಲೂ ಇಬ್ಬರ ವಾದ ನಿಲ್ಲಲಿಲ್ಲ.