ತಾನಾಗಿ ನಡೆಯುವ ಕೆಲಸ

ನಮ್ಮ ತುಮಕೂರು ಸೀಮೆಯಲ್ಲಿ ಯಾರ ಮನೆಯ ಪಾಯ ತೋಡುತ್ತಿದ್ದರೂ ದಾರಿಹೋಕರು ಕೇಳುವುದು ಒಂದೇ ಮಾತು: "ಗಟ್ಟಿ ಸಿಕ್ತಾ?" ಗರಸು ಸಿಕ್ಕರೆ ಮೇಸ್ತ್ರಿಯ ಮುಖ ಅರಳುತ್ತದೆ. ಎರೆಮಣ್ಣು ಬಂತೋ, ಇನ್ನೆರಡು ಅಡಿ ಇಳಿಯಬೇಕು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಮಣ್ಣು ಗೋಡೆಯನ್ನೂ ಬಿರಿಸುತ್ತದೆ.

ಅಲಾಸ್ಕದವರಿಗೆ ಗಟ್ಟಿ ಎಂದರೆ ಹೆಪ್ಪುಗಟ್ಟಿದ ನೆಲ. ಹೆಪ್ಪು ಇರುವ ತನಕ ಎಂಥ ಭಾರವನ್ನೂ ಹೊರುತ್ತದೆ, ಕರಗಿದರೆ ಬರೀ ಕೆಸರು. ಅಂಥ ನೆಲದಲ್ಲಿ ಬಿಸಿ ಎಣ್ಣೆಯ ಕೊಳವೆ ಹಾಯಿಸಬೇಕಿತ್ತು! ಸುಮಾರು 1,288 ಕಿ.ಮೀ. ಉದ್ದದ ಆ ಮಾರ್ಗದಲ್ಲಿ 1977ರಿಂದ ಎಣ್ಣೆ ಹರಿಯುತ್ತಿದೆ. ಅರ್ಧಕ್ಕಿಂತ ಹೆಚ್ಚು ದೂರ ಕೊಳವೆಯನ್ನು ಕಂಬಗಳ ಮೇಲೆ ಎತ್ತಿ, ಕಂಬಗಳ ಬುಡ ಕರಗದಿರಲೆಂದು ಒಂದು ಲಕ್ಷಕ್ಕೂ ಹೆಚ್ಚು ಥರ್ಮೋಸೈಫನ್ ಇಳಿಸಿದ್ದಾರೆ.

ಬಾಯಿ ಬಿಗಿದ ಉಕ್ಕಿನ ಕೊಳವೆ, ಒಳಗೆ ಅಮೋನಿಯ, ಅಷ್ಟೇ. ಕಡುಚಳಿಯಲ್ಲಿ ಮೇಲಿನ ಗಾಳಿಗಿಂತ ಹೆಪ್ಪುನೆಲವೇ ಬೆಚ್ಚಗಿರುತ್ತದೆ. ಆ ಶಾಖ ಹೀರಿದ ಅಮೋನಿಯ ಆವಿಯಾಗಿ ಏರಿ, ತುದಿಯ ಲೋಹದ ರೆಕ್ಕೆಗಳಲ್ಲಿ ಅದನ್ನು ಗಾಳಿಗೆ ಬಿಟ್ಟು, ಹನಿಯಾಗಿ ಕೆಳಗಿಳಿಯುತ್ತದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಬೇಯುವಾಗ ಮುಚ್ಚಳದ ಒಳಮೈಯಿಂದ ತೊಟ್ಟಿಕ್ಕುವ ನೀರಿನದೂ ಇದೇ ಕಥೆ. ಬೇಸಿಗೆಯಲ್ಲಿ ತುದಿಯೇ ಬಿಸಿಯಾಗುವುದರಿಂದ ಆವಿ ಹನಿಯಾಗದು. ಕೆಲಸ ನಿಲ್ಲುತ್ತದೆ, ಮೇಲಿನ ಬಿಸಿ ಕೆಳಗಿಳಿಯುವುದಿಲ್ಲ. ಕರೆಂಟು ಬೇಡ, ಪಂಪು ಬೇಡ, ಕಾವಲೂ ಬೇಡ.

ಇಂಥ ಜಾಣ್ಮೆ ನೋಡಲು ಅಷ್ಟು ದೂರ ಹೋಗಬೇಕಿಲ್ಲ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಗೆ ಬನ್ನಿ. ದೇವರಾಯನದುರ್ಗದ ಕಡೆಯಿಂದ ಇಳಿದು ಬರುವ ಶಿಂಷೆಗೆ ಅಲ್ಲಿ ಅಣೆಕಟ್ಟೆ ಇದೆ, ಅದಕ್ಕೆ ತಾನಾಗಿ ನಡೆಯುವ ಸೈಫನ್ ಇದೆ. ನೀರು ಗೊತ್ತಾದ ಮಟ್ಟ ಮೀರಿದರೆ ಬಾಗಿದ ಕೊಳವೆಯೊಳಗಿನ ಗಾಳಿ ಹೊರಬಿದ್ದು, ಹೆಚ್ಚಾದ ನೀರನ್ನು ಸೈಫನ್ನೇ ಸೆಳೆದು ಆಚೆ ಚೆಲ್ಲುತ್ತದೆ. ಮಟ್ಟ ಇಳಿದು ಗಾಳಿ ನುಗ್ಗಿತೋ, ಸುಮ್ಮನಾಗುತ್ತದೆ. ನಡುರಾತ್ರಿ ಗೇಟು ಎತ್ತಲು ಯಾರೂ ಓಡಬೇಕಿಲ್ಲ. ಅಲಾಸ್ಕದಲ್ಲಿ ಚಳಿಯ ಕೈಯಲ್ಲಿ ಕೆಲಸ ಮಾಡಿಸಿದರು, ಇಲ್ಲಿ ನೀರಿನ ತೂಕದ ಕೈಯಲ್ಲಿ.

ಹೆಪ್ಪುನೆಲ ನಮಗ್ಯಾಕೆ ಅನ್ನಬೇಡಿ. ಲಡಾಖಿನಲ್ಲೂ ಅಂಥ ನೆಲವಿದೆ. ಅಲ್ಲಿ ನಾಳೆ ಪಾಯ ಹಾಕುವವರಲ್ಲಿ ನಮ್ಮ ಮಕ್ಕಳೂ ಇರಬಹುದು.

ತುಮಕೂರಿನ ಎಂಜಿನಿಯರಿಂಗ್ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಒಳ್ಳೆ ಮಳೆಯಾದ ವರ್ಷ ಹುಡುಗರನ್ನು ಮಾರ್ಕೋನಹಳ್ಳಿಗೆ ಕರೆದೊಯ್ಯಿರಿ. ನಕ್ಷೆಯಲ್ಲಿ ಮೋಟಾರು ಬರೆಯುವ ಮುಂಚೆ, ಆ ಜಾಗದ ಚಳಿ, ಬಿಸಿಲು, ನೀರು ಬಿಟ್ಟಿಯಾಗಿ ಏನೇನು ಮಾಡಿಕೊಟ್ಟಾವೆಂದು ಲೆಕ್ಕ ಹಾಕುವುದನ್ನು ಅವರು ಕಲಿಯಲಿ.