ಚಾ ಎಲ್ಲಿ ಟೀ ಆಗುತ್ತದೆ?

ಮದುವೆಯಾಗಿ ಧಾರವಾಡದಿಂದ ಮೈಸೂರಿಗೆ ಬಂದ ಮೊದಲ ವಾರ. ಬೆಳಿಗ್ಗೆ ಒಲೆಯ ಮುಂದೆ ನಿಂತು ಅತ್ತೆಯವರನ್ನು, “ಚಾ ಇಡ್ಲೇನ್ರಿ?” ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, “ಏನಿಡ್ತೀಯಮ್ಮ?” ಎಂದರು. ಪುಡಿಯ ಡಬ್ಬಿ ಎತ್ತಿ ತೋರಿಸಿದೆ. “ಓ, ಟೀನಾ! ನಮ್ಮನೇಲಿ ಬೆಳಿಗ್ಗೆ ಕಾಫಿ ಕಣಮ್ಮ.” ಮಾತು ಅಲ್ಲಿಗೆ ಮುಗಿಯಿತು. ಒಂದೇ ಭಾಷೆ, ಒಂದೇ ಎಲೆ, ಹೆಸರು ಮಾತ್ರ ಎರಡು ಯಾಕೆ ಎಂಬುದು ನನ್ನ ತಲೆಯಲ್ಲಿ ಉಳಿಯಿತು. ಉತ್ತರ ಸಿಕ್ಕಿದ್ದು ಇಪ್ಪತ್ತು ವರ್ಷದ ಮೇಲೆ, ಒಂದು ನಕಾಶೆಯಲ್ಲಿ.

ನಕಾಶೆಯ ಹುಚ್ಚು ಶಾಲೆಯಿಂದಲೇ ಅಂಟಿದ್ದು. (ಮೈಸೂರಿನವರಿಗೆ ಅದೂ ‘ಭೂಪಟ’.) ಬಟ್ಟೆಗೆ ಅಂಟಿಸಿ ವಾರ್ನಿಷ್ ಬಳಿದ ಪ್ರಪಂಚವನ್ನು ಸುರುಳಿ ಬಿಚ್ಚಿ ಮೊಳೆಗೆ ತೂಗುಹಾಕುವ ಕೆಲಸ ನನ್ನದಾಗಿತ್ತು. ಮೇಲಿನ ಮೂಲೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ಅಗಲವಾಗಿ ಕೂತಿತ್ತು. ಇಷ್ಟು ದೊಡ್ಡ ದೇಶದ ರಾಜ ಯಾರು, ಅವನು ಗೆದ್ದ ಯುದ್ಧ ಯಾವುದು, ಇತಿಹಾಸದ ಪುಸ್ತಕದಲ್ಲಿ ಒಂದು ಸಾಲೂ ಯಾಕಿಲ್ಲ ಎಂದು ನನಗೆ ಚಿಂತೆ. ನಿಜ ನೋಡಿದರೆ ಆಫ್ರಿಕಾ ಅದರ ಹದಿನಾಲ್ಕು ಪಟ್ಟು, ನಮ್ಮ ಭಾರತವೇ ಅದರ ಒಂದೂವರೆ ಪಟ್ಟು. ನಮ್ಮ ನಕಾಶೆ ಮರ್ಕೇಟರನ ಪದ್ಧತಿಯದು. 1569ರಲ್ಲಿ ಅವನು ಅದನ್ನು ಬರೆದದ್ದು ನಾವಿಕರಿಗಾಗಿ. ದಿಕ್ಸೂಚಿ ಹಿಡಿದು ಒಂದೇ ದಿಕ್ಕಿಗೆ ಸಾಗುವ ದಾರಿ ಕಾಗದದ ಮೇಲೂ ನೇರ ಗೆರೆಯಾಗಬೇಕೆಂದು ಧ್ರುವದ ಕಡೆಯ ನೆಲವನ್ನೆಲ್ಲ ಹಿಗ್ಗಿಸಿಬಿಟ್ಟ. ಹಡಗಿನವನಿಗೆ ಸರಿ, ನಾಲ್ಕನೇ ಇಯತ್ತೆಯ ಹುಡುಗಿಗೆ ಯಾಕೆ?

ಅದೇ ನಕಾಶೆಯಲ್ಲಿ ಜಾವಾ ದ್ವೀಪ ಒಂದು ಕತ್ತರಿಸಿದ ಉಗುರಿನಷ್ಟು. ಭೂಮಧ್ಯರೇಖೆಯ ಪಕ್ಕದಲ್ಲಿರುವುದರಿಂದ ಹಿಗ್ಗುವ ಭಾಗ್ಯ ಅದಕ್ಕಿಲ್ಲ. ಕರ್ನಾಟಕಕ್ಕಿಂತ ಚಿಕ್ಕದು ನಿಜ, ಆದರೆ ಅದರಲ್ಲಿ ಬಾಳುವವರು 15 ಕೋಟಿ. ಗ್ರೀನ್‌ಲ್ಯಾಂಡಿನಲ್ಲಿ ಸುಮಾರು 56 ಸಾವಿರ. ನೆಲದ ಬದಲು ತಲೆ ಎಣಿಸಿ ದೇಶಗಳನ್ನು ಉಬ್ಬಿಸಿ ಕುಗ್ಗಿಸಿ ಬರೆಯುವ ನಕಾಶೆಗಳೂ ಇವೆ. ಅವುಗಳಲ್ಲಿ ಜಾವಾ ಹೊಟ್ಟೆ ಬಿಟ್ಟುಕೊಂಡು ಕೂತಿರುತ್ತದೆ, ಗ್ರೀನ್‌ಲ್ಯಾಂಡನ್ನು ಭೂತಗನ್ನಡಿ ಹಿಡಿದು ಹುಡುಕಬೇಕು. ಆ ಉಗುರಿನಷ್ಟು ಜಾವಾ ನನ್ನ ಅಡುಗೆಮನೆಯ ಪ್ರಶ್ನೆಯಲ್ಲೂ ಸಾಕ್ಷಿ ಹೇಳುತ್ತದೆ ಎಂದು ಮಾತ್ರ ಆಗ ಗೊತ್ತಿರಲಿಲ್ಲ.

ಭಾಷಾಶಾಸ್ತ್ರದವರು 230 ಭಾಷೆಗಳಲ್ಲಿ ಚಹಾಕ್ಕೆ ಏನೆನ್ನುತ್ತಾರೆ ಎಂದು ಬಣ್ಣದ ಚುಕ್ಕೆ ಇಟ್ಟು ತೋರಿಸಿದ ನಕಾಶೆಯೇ ನನಗೆ ಉತ್ತರ ಕೊಟ್ಟದ್ದು. ಲಡಾಯಿ, ರಾಜರು, ಗಡಿ ಒಂದೂ ಅದರಲ್ಲಿಲ್ಲ. ಚೀನೀಯರು ಬರೆಯುವ ಅಕ್ಷರ ಒಂದೇ. ಹೆಚ್ಚಿನ ಕಡೆ ಅದನ್ನು ‘ಚಾ’ ಎಂದು ಓದುತ್ತಾರೆ, ಫುಜಿಯಾನ್ ಕರಾವಳಿಯವರು ‘ತೆ’ ಎನ್ನುತ್ತಾರೆ. ಒಂಟೆ ಕುದುರೆಗಳ ಮೇಲೆ ನೆಲದ ದಾರಿ ಹಿಡಿದು ಹೋದದ್ದು ‘ಚಾ’: ಪರ್ಷಿಯಾ, ತುರ್ಕಿ, ರಷ್ಯಾ, ನಮ್ಮ ಹಿಂದಿ, ಮರಾಠಿ. ಹಡಗು ಹತ್ತಿದ್ದು ‘ತೆ’. ಫುಜಿಯಾನಿನ ವರ್ತಕರು ಚಹಾ ಹೇರಿಕೊಂಡು ಜಾವಾದ ಬಟಾವಿಯಾಕ್ಕೆ, ಅಂದರೆ ಇಂದಿನ ಜಕಾರ್ತಾಕ್ಕೆ ಬರುತ್ತಿದ್ದರು. ಅಲ್ಲಿಂದ ಡಚ್ಚರು ಎಲೆಯ ಜೊತೆ ಹೆಸರನ್ನೂ ಯುರೋಪಿಗೆ ಸಾಗಿಸಿದರು. ಜಾವಾದವರು ಇಂದಿಗೂ ‘ತೆಹ್’ ಎನ್ನುತ್ತಾರೆ, ಇಂಗ್ಲಿಷರದು ‘ಟೀ’. ಪೋರ್ಚುಗೀಸರೂ ಹಡಗಿನವರೇ, ಆದರೆ ಅವರ ಠಾಣೆ ಇದ್ದದ್ದು ಮಕಾವ್‌ನಲ್ಲಿ, ಅಲ್ಲಿಯ ಕ್ಯಾಂಟನೀಸ್ ಮಾತಿನಲ್ಲಿ ಅದು ‘ಚಾ’. ಲಿಸ್ಬನ್ನಿನಲ್ಲಿ ಇಂದಿಗೂ ಹಾಗೆಯೇ. ನಾನೂರು ವರ್ಷದ ವ್ಯಾಪಾರ ಒಂದು ಲೋಟದಲ್ಲಿ!

ಇದನ್ನು ನೋಡಿದ ಸಂಜೆಯೇ ಮಗಳಿಗೆಂದು ತಂದಿಟ್ಟ ಕರ್ನಾಟಕದ ಖಾಲಿ ನಕಾಶೆಯೊಂದನ್ನು ಎತ್ತಿಕೊಂಡೆ. ಚಾ ಅಂದರೆ ಕೆಂಪು, ಟೀ ಅಂದರೆ ನೀಲಿ. 1956ಕ್ಕೆ ಮೊದಲು ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಯಪುರ ಮರಾಠಿಯ ‘ಚಹಾ’ದ ನೆರೆಯವು. ನಿಜಾಮರ ಕೈಯಲ್ಲಿದ್ದ ಕಲಬುರಗಿಯೂ ಕೆಂಪು. ಮಹಾರಾಜರ ಮೈಸೂರು ನೀಲಿ. ಆಹಾ, ಹಳೆಯ ಗಡಿಯೇ ಚಹಾದ ಗಡಿ ಎಂದು ಬೀಗುವಷ್ಟರಲ್ಲಿ ಮಂಗಳೂರು ಅಡ್ಡ ಬಂತು. ಮದ್ರಾಸಿಗೆ ಸೇರಿದ್ದ ಊರು, ತಮಿಳರಂತೆ ಟೀ ಎನ್ನಬೇಕಿತ್ತು. ಆದರೆ ತುಳುವರು ಕುಡಿಯುವುದು ಚಾ. ಉತ್ತರಕ್ಕೆ ಪೋರ್ಚುಗೀಸರಿದ್ದ ಗೋವಾ, ದಕ್ಷಿಣಕ್ಕೆ ಮಲಯಾಳಿಗಳ ಚಾಯ. ನಡುವೆ ಇರುವವರು ಇನ್ನೇನೆಂದಾರು? ಮದ್ರಾಸಿನ ಕಲೆಕ್ಟರನಿಗಿಂತ ಪಕ್ಕದ ಬಂದರಿನವನ ಮಾತೇ ಬಲವಾಯಿತು. ಕೆಂಪು ಬಳಿದೆ.

ಮೈಸೂರಿನಿಂದ ಧಾರವಾಡಕ್ಕೆ ರೈಲಿನಲ್ಲಿ ಹೋಗುವಾಗಲೂ ಈ ಕೆಲಸ ನಡೆಸಿದ್ದೇನೆ. ಮಾರುವವರ ಕೂಗನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅವರದು ಎಲ್ಲಿ ಹೋದರೂ ‘ಚಾಯ್, ಚಾಯ್’, ಅದು ರೈಲ್ವೆಯ ಭಾಷೆ. ಎದುರಿನ ಸೀಟಿನಲ್ಲಿ ಕೂತವರನ್ನೇ ಕೇಳುತ್ತೇನೆ. ಅರಸೀಕೆರೆ, ಬೀರೂರಿನವರು ನೀಲಿ, ಹಾವೇರಿಯವರು ಕೆಂಪು. ನಡುವೆ ಒಂದು ಗೇಣು ಜಾಗ ಹಾಗೇ ಬಿಳಿಯಾಗಿ ಉಳಿದಿದೆ. ಅಲ್ಲಿಯ ಗಂಡ ಒಂದು ಹೇಳಿದರೆ ಹೆಂಡತಿ ಇನ್ನೊಂದು ಹೇಳುತ್ತಾಳೆ.

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯವರು ಇದನ್ನು ಓದಿದ್ದರೆ ದಯವಿಟ್ಟು ಒಂದು ಕಾರ್ಡು ಬರೆಯಿರಿ. ನೀವು ಈಗ ಏನೆನ್ನುತ್ತೀರಿ ಎಂಬುದು ಬೇಡ, ನಿಮ್ಮ ಅಜ್ಜಿ ಏನೆನ್ನುತ್ತಿದ್ದರು ಹೇಳಿ. ಎರಡೂ ಪೆನ್ಸಿಲು ಚೂಪು ಮಾಡಿ ಇಟ್ಟಿದ್ದೇನೆ.