ಕೆರೆಯಂಗಳದ ಬಳ್ಳಾರಿ ಜಾಲಿ

ಕೊರಟಗೆರೆಯನ್ನು ದಾಟಿದ ಪ್ರಯಾಣಿಕನಿಗೆ ಮಧುಗಿರಿಯ ಏಕಶಿಲಾ ಬೆಟ್ಟ ದೂರದಿಂದಲೇ ದರ್ಶನವೀಯುತ್ತದೆ. ಅದರಾಚೆ ಪಶ್ಚಿಮಕ್ಕೆ ಶಿರಾ, ಉತ್ತರಕ್ಕೆ ಪಾವಗಡ. ಎಲ್ಲವೂ ಮಳೆ ಮುನಿಯುವ ಸೀಮೆ. ಇಲ್ಲಿ ಕೆರೆಯೇ ಊರಿನ ಪ್ರಾಣ. ಆದರೆ ನೀರು ನಿಲ್ಲಬೇಕಾದ ಅಂಗಳದಲ್ಲಿ ಹಲವೆಡೆ ಬಳ್ಳಾರಿ ಜಾಲಿಯ ಮುಳ್ಳುಪೊದೆ ನಿಂತಿದೆ.

ಅಮೆರಿಕ ಖಂಡದ ಒಣನಾಡುಗಳ ಈ ಗಿಡ 19ನೆಯ ಶತಮಾನದಲ್ಲಿ ಭಾರತಕ್ಕೆ ಬಂದಿತು. ಅತಿಥಿಯಾಗಿ ಬಂದುದು ಯಜಮಾನನಾಯಿತು! ಸಿಹಿಯಾದ ಕಾಯನ್ನು ದನಕುರಿಗಳು ಮೇಯುತ್ತವೆ; ಗಟ್ಟಿಬೀಜ ಜೀರ್ಣವಾಗದೆ ಸಗಣಿ, ಹಿಕ್ಕೆಗಳೊಡನೆ ಊರೂರಿಗೆ ಹರಡುತ್ತದೆ. ಮೇಲೆ ಕಡಿದರೆ ಒಂದೇ ಬುಡದಿಂದ ಹಲವು ಚಿಗುರುಗಳೇಳುತ್ತವೆ.

ಹಾಗೆಂದು ಅದನ್ನು ಬರಿದೆ ಶಪಿಸುವಂತಿಲ್ಲ. ಬಡವರ ಒಲೆಯನ್ನು ಉರಿಸಿದುದೂ ಇದ್ದಿಲು ಸುಡುವವರ ಹೊಟ್ಟೆ ಹೊರೆದುದೂ ಇದೇ ಜಾಲಿ. ಆದರೆ ಹುಲ್ಲುಗಾವಲನ್ನೂ ಅದು ನುಂಗಿದರೆ, 2007ರಲ್ಲಿ ಸಂರಕ್ಷಿತವೆಂದು ಘೋಷಿತವಾದ ಮೈದನಹಳ್ಳಿಯ ಬಯಲಿನ ಕೃಷ್ಣಮೃಗಗಳಿಗೆ ನೆಲೆಯೆಲ್ಲಿ?

ಕಾಯಿ ಮಾಗುವ ಮುನ್ನವೇ ಗಿಡವನ್ನು ಬುಡಸಹಿತ ಅಗೆದು ತೆಗೆಯಬೇಕು. ಮರುಮಳೆಗೆ ಮೊಳೆತ ಸಸಿಗಳನ್ನು ಎಳೆಯದರಲ್ಲೇ ಕೀಳಬೇಕು. ತೆರವಾದ ದಡದಲ್ಲಿ ಹೊಂಗೆ, ಬೇವು, ಹುಣಿಸೆಗಳನ್ನು ಬೆಳೆಸಬೇಕು. ಊರವರು ಕೆಲವು ವರ್ಷ ಮೈಮರೆತರೆ ಸಾಕು, ಕೆರೆ ಮತ್ತೆ ಮುಳ್ಳಿನ ಪಾಲಾಗುತ್ತದೆ.